ಹದಿನಾಲ್ಕನೇ ನಂಬರಿನ ಅತ್ತೆ, ಹದಿನೈದನೇ ನಂಬರಿನ ಸೊಸೆ

ಆ ಮಂಗಳವಾರ ಬೆಳಿಗ್ಗೆ ಅತ್ತೆ, ಕಣ್ಣಿನ ಡಾಕ್ಟರ ಹತ್ತಿರ ಹೋಗಿಬರುತ್ತೇನೆ ಎಂದು ಹೇಳಿ ಮನೆ ಬಿಟ್ಟರು. ಅವರು ಬೀದಿಯ ತಿರುವು ದಾಟಿದ್ದನ್ನು ಕಿಟಕಿಯಿಂದ ಖಚಿತಪಡಿಸಿಕೊಂಡ ಸೊಸೆ, ಗೆಳತಿಗೆ ಜ್ವರವಂತೆ, ನೋಡಿಕೊಂಡು ಬರುತ್ತೇನೆ ಎಂದು ಮಾವನಿಗೆ ಹೇಳಿ ಚಪ್ಪಲಿ ಮೆಟ್ಟಿದಳು. ಮಾವ ಪತ್ರಿಕೆಯ ಪದಬಂಧದಿಂದ ತಲೆ ಎತ್ತದೆ ಇಬ್ಬರಿಗೂ ಒಂದೊಂದು "ಹ್ಞೂಂ" ಕೊಟ್ಟರು.

ಇಬ್ಬರು ಹೇಳಿದ್ದೂ ಸುಳ್ಳು.

ಅತ್ತೆ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕೂತವರು. ಯಾವ ಬಸ್ಸು ಎಷ್ಟು ತಡ, ಯಾಕೆ ತಡ, ಬರುತ್ತದೋ ಇಲ್ಲವೋ ಎಂದು ದಿನವಿಡೀ ಜನರಿಗೆ ಉತ್ತರ ಕೊಟ್ಟು, ನಿವೃತ್ತರಾಗಿ ಒಂದು ವರ್ಷವಾಗಿತ್ತು. ಈಗ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮಾವನಂತೂ ಪದಬಂಧದ ಮೂರಕ್ಷರದ ಪದಕ್ಕೂ ಹೆಂಡತಿಯ ಸಹಾಯ ಬೇಡದ ಮನುಷ್ಯ. ಹೀಗೆ ಮಿಕ್ಕಿಹೋದ ಉತ್ತರಗಳೆಲ್ಲ ಅಡುಗೆಮನೆಯಲ್ಲಿ ಸೊಸೆಯ ತಲೆಯ ಮೇಲೆ ಬೀಳುತ್ತಿದ್ದವು: ಮುಚ್ಚಳ ಹೀಗೆ ಇಡಬಾರದು, ಟವಲು ಹಾಗೆ ಮಡಚಬಾರದು, ನಲ್ಲಿಯನ್ನು ಅಷ್ಟು ಬಿಗಿಯಾಗಿ ತಿರುಗಿಸಬಾರದು.

ಸೊಸೆ ಮದುವೆಗೆ ಮುಂಚೆ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಸ್ವಾಗತದ ಮೇಜು ನೋಡಿಕೊಳ್ಳುತ್ತಿದ್ದವಳು. ಮಗಳು ಪುಟ್ಟಿ ಹುಟ್ಟಿದ ಮೇಲೆ ಬಿಟ್ಟಳು. ಪುಟ್ಟಿಗೀಗ ನಾಲ್ಕು ವರ್ಷ, ಅರ್ಧ ದಿನದ ಶಿಶುವಿಹಾರ. ಗಂಡನನ್ನು ಕೇಳಿದಾಗಲೆಲ್ಲ "ಇನ್ನೊಂದು ವರ್ಷ ಹೋಗಲಿ" ಎನ್ನುತ್ತಿದ್ದ. ಹಾಗೆ ಮೂರು ವರ್ಷ ಹೋಗಿತ್ತು. ಅತ್ತೆಯನ್ನು ಕೇಳುವ ಧೈರ್ಯ ಅವಳಿಗಿರಲಿಲ್ಲ. ತಾನು ಕೆಲಸಕ್ಕೆ ಹೋದರೆ ಮಗು ಅತ್ತೆಯ ಕೊರಳಿಗೇ ಬೀಳುತ್ತದೆ. ಅತ್ತೆಗೂ ಸೊಸೆಯ ಮುಂದೆ ಬಾಯಿ ಬಿಡಲು ಅಳುಕು. ಈ ವಯಸ್ಸಿನಲ್ಲಿ ಕೆಲಸ ಎಂದರೆ, ನಾವೇನು ನಿಮಗೆ ಕಡಿಮೆ ಮಾಡಿದ್ದೇವೆ ಎಂದು ಅವಳು ಮುಖ ಸಣ್ಣದು ಮಾಡಿಕೊಂಡರೆ?

ಜಾಹೀರಾತನ್ನು ಅತ್ತೆ ಗ್ರಂಥಾಲಯದ ಪತ್ರಿಕೆಯಲ್ಲಿ ನೋಡಿದ್ದರು, ಸೊಸೆ ಫೋನಿನಲ್ಲಿ. ಬಟ್ಟೆ ಒಗೆಯುವ ಮಷೀನು ತಯಾರಿಸುವ ಕಂಪನಿಯ ದೂರು ವಿಭಾಗಕ್ಕೆ ಜನ ಬೇಕಾಗಿದ್ದರು. "ವಯಸ್ಸಿನ ಮಿತಿ ಇಲ್ಲ. ತಾಳ್ಮೆ ಇದ್ದರೆ ಸಾಕು" ಎಂದಿತ್ತು ಅದರಲ್ಲಿ. ಆ ತಾಳ್ಮೆ ತಮ್ಮಲ್ಲಿ ಬೇಕಾದಷ್ಟಿದೆ, ಮನೆಯಲ್ಲಿ ಇನ್ನೊಬ್ಬರಿಗೇ ಇಲ್ಲ ಎಂದು ಇಬ್ಬರಿಗೂ ಅನ್ನಿಸಿತು.

ಸೊಸೆ ಕಂಪನಿಯ ಗೇಟಿನಲ್ಲಿ ಹದಿನೈದನೇ ನಂಬರಿನ ಚೀಟಿ ತೆಗೆದುಕೊಂಡು ಎರಡನೇ ಮಹಡಿಗೆ ಬಂದಳು. ಉದ್ದನೆಯ ಕೋಣೆ, ಗೋಡೆಗೆ ಒತ್ತಿದ ಪ್ಲಾಸ್ಟಿಕ್ ಕುರ್ಚಿಗಳು, ಪ್ರತಿ ಕುರ್ಚಿಯ ಬೆನ್ನಿಗೂ ಒಂದು ನಂಬರು. ಹದಿನೈದರ ಪಕ್ಕ, ಹದಿನಾಲ್ಕರಲ್ಲಿ ಕೂತವರು ಕಂಪನಿಯ ಬಣ್ಣದ ಪುಸ್ತಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಓದುತ್ತಿದ್ದರು. ಪುಸ್ತಿಕೆ ತಲೆಕೆಳಗಾಗಿತ್ತು. ಕೆಳಗೆ ಕಾಣುತ್ತಿದ್ದ ಚಪ್ಪಲಿಯನ್ನು ಸೊಸೆ ಎಲ್ಲಿದ್ದರೂ ಗುರುತು ಹಿಡಿಯಬಲ್ಲಳು; ಬಾಗಿಲ ಹತ್ತಿರ ಅದು ಸೊಟ್ಟಗಿದೆ ಎಂದು ದಿನವೂ ನೆಟ್ಟಗೆ ಇಡುವವಳು ಅವಳೇ.

"ಕಣ್ಣಿನ ಡಾಕ್ಟರು ಇಲ್ಲಿ ಕೂರ್ತಾರಾ ಅತ್ತೆ?"

ಪುಸ್ತಿಕೆ ನಿಧಾನವಾಗಿ ಇಳಿಯಿತು.

"ನಿನ್ನ ಗೆಳತಿಗೆ ಇಲ್ಲೇ ಜ್ವರ ಬಂತಾ?" ಎಂದರು ಅತ್ತೆ.

ಇಬ್ಬರೂ ಎದುರಿನ ಗೋಡೆಯ ಕಡೆ ಮುಖ ತಿರುಗಿಸಿದರು. ಗೋಡೆಯ ಮೇಲೊಂದು ಗಡಿಯಾರವಿತ್ತು. ಅದನ್ನು ನೋಡಿದ್ದೇ ಇಬ್ಬರೂ ಒಟ್ಟಿಗೆ ಒಬ್ಬರ ಕಡೆ ಒಬ್ಬರು ತಿರುಗಿದರು.

"ಪುಟ್ಟಿನ ಯಾರು ಕರ್ಕೊಂಡು ಬರ್ತಾರೆ?" ಎಂದಳು ಸೊಸೆ. "ನೀವಿರ್ತೀರಿ ಅಂತ ನಾನು..."

"ನೀನಿರ್ತೀಯ ಅಂತ ನಾನು!"

ಅತ್ತೆ ಮಾವನಿಗೆ ಫೋನು ಮಾಡಿದರು. ಹನ್ನೆರಡೂವರೆಗೆ ಪುಟ್ಟಿಯನ್ನು ಶಾಲೆಯಿಂದ ಕರೆತರಬೇಕು ಎಂದಾಗ ಮಾವ ಆ ಕಡೆಯಿಂದ, "ಯಾವ ಶಾಲೆ?" ಎಂದರು.

"ಅಂಚೆ ಕಚೇರಿ ಎದುರಿಗೆ. ಹಸಿರು ಗೇಟು."

"ಅಲ್ಲಿ ಮಕ್ಕಳು ತುಂಬಾ ಇರ್ತಾರಲ್ಲ. ಎಲ್ಲಾ ಒಂದೇ ಥರ ಬಟ್ಟೆ. ನಮ್ಮದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?"

"ನೀವು ಸುಮ್ಮನೆ ನಿಂತ್ಕೊಳ್ಳಿ. ಅವಳೇ ನಿಮ್ಮನ್ನ ಗುರುತು ಹಿಡೀತಾಳೆ."

ಹದಿಮೂರನೇ ಕುರ್ಚಿಯಲ್ಲಿ ಟೈ ಕಟ್ಟಿಕೊಂಡು ಕೂತಿದ್ದ ಯುವಕ ಇದೆಲ್ಲವನ್ನೂ ಕೇಳಿಸಿಕೊಂಡಿದ್ದ. ತನಗೆ ಇದು ಇಪ್ಪತ್ತಮೂರನೇ ಸಂದರ್ಶನ ಎಂದು ಅವನೇ ಹೇಳಿಕೊಂಡ. ಈ ಕಂಪನಿಯಲ್ಲೇ ಮೂರನೆಯದು. ಇಲ್ಲಿನ ನೀರಿನ ಯಂತ್ರದಲ್ಲಿ ನೀರಿಲ್ಲ, ಶೌಚಾಲಯದ ಚಿಲಕ ಬೀಳುವುದಿಲ್ಲ, ಒಂಬತ್ತು ಎಂದರೆ ಹನ್ನೊಂದು ಎಂಬುದೆಲ್ಲ ಅವನಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು.

"ಒಂದೇ ಮನೆಯವರು ಅಂತ ಮಾತ್ರ ಬಾಯಿ ಬಿಡಬೇಡಿ," ಎಂದ ಅವನು ದನಿ ತಗ್ಗಿಸಿ. "ಒಂದೇ ವಿಭಾಗದಲ್ಲಿ ಒಂದೇ ಮನೆಯವರು ಇರಬಾರದು ಅಂತ ಇವರ ರೂಲ್ಸು. ಇಬ್ಬರನ್ನೂ ಹೊರಗೆ ಕಳಿಸಿಬಿಡ್ತಾರೆ."

"ನಮಗೆ ಗುರುತೇ ಇಲ್ಲಪ್ಪ," ಎಂದರು ಅತ್ತೆ ತಕ್ಷಣ.

"ಇನ್ನೊಂದು. ನಿಮ್ಮ ದೌರ್ಬಲ್ಯ ಏನು ಅಂತ ಕೇಳ್ತಾರೆ. ತುಂಬಾ ಕಷ್ಟಪಟ್ಟು ಕೆಲಸ ಮಾಡ್ತೀನಿ, ಅದೇ ನನ್ನ ದೌರ್ಬಲ್ಯ ಅನ್ನಿ. ಮತ್ತೆ ನಗ್ತಾ ಇರಿ. ಏನೇ ಆದ್ರೂ ನಗ್ತಾ ಇರಿ."

"ಇಪ್ಪತ್ತೆರಡು ಸಲಾನೂ ಹೀಗೇ ಮಾಡಿದ್ರಾ?" ಎಂದು ಕೇಳಿದಳು ಸೊಸೆ.

"ಹ್ಞೂಂ."

"ಏನಾಯ್ತು?"

ಅವನು ನಕ್ಕ.

ಹನ್ನೊಂದು ಹೊಡೆದ ಮೇಲೆ ನೇಮಕಾತಿಯ ಮೇಡಂ ಬಂದರು. ಎತ್ತರದ ಚಪ್ಪಲಿ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲೊಂದು ರಟ್ಟಿನ ಫೈಲು. ತಡವಾದದ್ದಕ್ಕೆ ಕ್ಷಮೆ ಕೇಳುವ ಬದಲು, ಕಾಯಿಸಿದ್ದೇ ತಾಳ್ಮೆಯ ಮೊದಲ ಪರೀಕ್ಷೆಯಾಗಿತ್ತು ಎಂದು ಘೋಷಿಸಿದರು. ಮೂವತ್ತೊಂದು ಅಭ್ಯರ್ಥಿಗಳಲ್ಲಿ ಏಳು ಮಂದಿ ಅಷ್ಟರಲ್ಲಿ ಎದ್ದು ಹೋಗಿದ್ದರಿಂದ ಪರೀಕ್ಷೆ ನಡೆದದ್ದಂತೂ ನಿಜ.

ಬಳಿಕ ಬರವಣಿಗೆ. ಐದು ವರ್ಷದ ನಂತರ ನೀವು ಏನಾಗಿರಲು ಬಯಸುತ್ತೀರಿ ಎಂಬ ಪ್ರಶ್ನೆಗೆ ಅತ್ತೆ "ಅರವತ್ತನಾಲ್ಕು" ಎಂದು ಬರೆದರು. ನೀವು ಪ್ರಾಣಿಯಾಗಿದ್ದರೆ ಯಾವ ಪ್ರಾಣಿಯಾಗಿರುತ್ತಿದ್ದಿರಿ ಎಂಬ ಪ್ರಶ್ನೆಗೆ ಬಹಳ ಹೊತ್ತು ಪೆನ್ನು ಕಚ್ಚಿ, "ಹಾಗಿದ್ದರೆ ಈ ಅರ್ಜಿ ಹಾಕುತ್ತಿರಲಿಲ್ಲ" ಎಂದು ಬರೆದರು. ಸೊಸೆ "ಇರುವೆ" ಎಂದು ಬರೆದಳು. ಆಮೇಲೆ ಎಂಟೆಂಟು ಜನಕ್ಕೆ ಇಪ್ಪತ್ತು ಕಾಗದದ ಲೋಟ ಕೊಟ್ಟು, ಅದರಲ್ಲಿ ಗೋಪುರ ಕಟ್ಟಿ ಎಂದರು. ಟೈ ಯುವಕ ಎರಡು ಸಲ ಕಟ್ಟಿ ಅನುಭವವಿದ್ದವನು, ತಳಪಾಯದ ಬಗ್ಗೆ ಭಾಷಣ ಶುರುಮಾಡಿದ. ಅತ್ತೆ ಎಂಟು ಲೋಟ ಎತ್ತಿಕೊಂಡು ಕೆಳಗಿನ ಮಹಡಿಗೆ ಹೋಗಿ, ನೀರು ತುಂಬಿಸಿ, ಒಂದು ಫೈಲಿನ ಮೇಲಿಟ್ಟು ತಂದು ಎಲ್ಲರಿಗೂ ಹಂಚಿದರು. ಬೆಳಿಗ್ಗೆಯಿಂದ ಗಂಟಲು ಒಣಗಿಸಿಕೊಂಡಿದ್ದ ಜನ ಗಟಗಟ ಕುಡಿದರು. ಗೋಪುರ ಮೊಳಕಾಲೆತ್ತರ ಕೂಡ ಏಳಲಿಲ್ಲ. ಮೇಡಂ ಹುಬ್ಬು ಗಂಟಿಕ್ಕಿ ಸ್ವಲ್ಪ ಯೋಚಿಸಿ, ಹದಿನಾಲ್ಕರ ಮುಂದೆ "ನಾಯಕತ್ವ" ಎಂದು ಬರೆದುಕೊಂಡರು.

ಮೂರನೆಯ ಸುತ್ತಿಗೆ ದೂರು ವಿಭಾಗದ ಮ್ಯಾನೇಜರ್ ಬಂದು ಕೂತರು. ಇಬ್ಬಿಬ್ಬರನ್ನು ಒಳಗೆ ಕರೆದು, ಒಬ್ಬರು ಸಿಟ್ಟಿಗೆದ್ದ ಗ್ರಾಹಕರು, ಇನ್ನೊಬ್ಬರು ಕಂಪನಿಯ ಕಡೆಯಿಂದ ಉತ್ತರ ಕೊಡುವವರು ಎಂದು ನಟಿಸಲು ಹೇಳುತ್ತಿದ್ದರು. ಜೋಡಿ ನಂಬರಿನ ಪ್ರಕಾರ. ಹನ್ನೆರಡರ ಜೊತೆ ಹದಿಮೂರು. ಹದಿನಾಲ್ಕರ ಜೊತೆ ಹದಿನೈದು.

ಅತ್ತೆ ಗ್ರಾಹಕಿಯಾದರು. ಮೇಜಿನ ಎರಡು ಬದಿಗೆ ಇಬ್ಬರೂ ಕೂತು, ಒಲ್ಲದ ಮನಸ್ಸಿನಿಂದ ಒಂದೊಂದು ಆಟಿಕೆ ಫೋನು ಎತ್ತಿ ಕಿವಿಗಿಟ್ಟುಕೊಂಡರು.

"ನಮಸ್ಕಾರ," ಎಂದರು ಅತ್ತೆ. "ನಿಮ್ಮ ಮಷೀನು ಕೆಟ್ಟಿದೆ ಅನ್ನಿಸುತ್ತೆ. ಪರವಾಗಿಲ್ಲ, ನಿಮಗೆ ಬಿಡುವಾದಾಗ ನೋಡಿ."

"ಸಿಟ್ಟು ಸಾಲದು," ಎಂದರು ಮೇಡಂ. "ಮಷೀನು ನಿಮ್ಮ ಮನೇಲಿದೆ. ದಿನಾ ಅದರ ಜೊತೆ ಏಗಬೇಕು. ಮನಸ್ಸಲ್ಲಿ ಇರೋದನ್ನೆಲ್ಲ ಹೇಳಿ."

ಅತ್ತೆ ಕಣ್ಣು ಮುಚ್ಚಿದರು. ತೆರೆದಾಗ ಬಸ್ ನಿಲ್ದಾಣದ ದನಿ ಬಂದಿತ್ತು.

"ಏನಮ್ಮ, ನಿಮ್ಮ ಮಷೀನಿಗೆ ಒಂದು ಸಲಕ್ಕೆ ಹೇಳಿದ್ದು ಕೇಳೋ ಅಭ್ಯಾಸವೇ ಇಲ್ಲವಲ್ಲ! ಮನೆಗೆ ಬಂದು ಆರು ವರ್ಷ ಆಯ್ತು. ಬಂದ ಹೊಸದರಲ್ಲಿ ಒಂದು ಸದ್ದಿರಲಿಲ್ಲ. ಈಗ ಒಂದು ಗುಂಡಿ ಒತ್ತಿದ್ರೆ ಮನೆಯೆಲ್ಲಾ ಗಡಗಡ."

ಸೊಸೆಯ ಬೆನ್ನು ನೆಟ್ಟಗಾಯಿತು. "ಮೇಡಂ, ಅದರಲ್ಲಿ ಎಷ್ಟು ಬಟ್ಟೆ ಹಾಕ್ತೀರಿ?"

"ಮನೇಲಿ ಎಷ್ಟಿದ್ಯೋ ಅಷ್ಟು."

"ಅದಕ್ಕೇ ಮೇಡಂ. ಐದು ಜನದ ಕೆಲಸಾನ ಒಂದರ ಮೇಲೇ ಹೊರಿಸಿ, ವಾರದಲ್ಲಿ ಒಂದು ದಿನ ರಜೆ ಕೊಡದೆ ಓಡಿಸಿದ್ರೆ ಯಾವ ಮಷೀನಾದ್ರೂ ಸದ್ದು ಮಾಡುತ್ತೆ. ಇನ್ನೂ ಓಡ್ತಾ ಇದೆಯಲ್ಲ, ಅದು ನಿಮ್ಮ ಪುಣ್ಯ."

"ಓಡುತ್ತೆ, ಸರಿ. ಕೊಳೆ ಹೋಗಬೇಕಲ್ಲ?"

"ನಮ್ಮ ಮಷೀನು ಒಗೆದ ಬಟ್ಟೆನ ನೀವು ಮತ್ತೆ ಕೈಯಲ್ಲಿ ಜಾಲಾಡ್ತೀರಂತೆ. ಅದೂ ಎಲ್ಲರೂ ನೋಡೋ ಹಾಗೆ. ನಿಜಾನಾ?"

ಅತ್ತೆ ತಬ್ಬಿಬ್ಬಾದರು. "ನಿಮಗ್ಯಾರು ಹೇಳಿದ್ರು?"

"ನಮ್ಮ ದಾಖಲೆಯಲ್ಲಿದೆ ಮೇಡಂ."

ಮ್ಯಾನೇಜರ್ ಕುರ್ಚಿಯ ತುದಿಗೆ ಸರಿದರು. ಟೀ ಲೋಟ ಅವರ ಕೈಯಲ್ಲೇ ಉಳಿಯಿತು.

"ನೋಡಮ್ಮ," ಎಂದರು ಅತ್ತೆ, ಈಗ ನಿಜಕ್ಕೂ ಏದುಸಿರು ಬಿಡುತ್ತ, "ಒಗೆಯೋದು ಬಿಡೋದು ಆಮೇಲೆ. ಅದು ಇಡೀ ದಿನ ಮೂಲೇಲಿ ಮುಖ ಊದಿಸ್ಕೊಂಡು ನಿಂತಿರುತ್ತೆ. ಏನಾಗಿದೆ ಅಂತ ಒಂದು ಮಾತು ಹೇಳಲ್ಲ. ನನಗೆ ಹೇಗೆ ಗೊತ್ತಾಗಬೇಕು?"

"ಕೇಳಿದ್ದೀರಾ ಮೇಡಂ?"

"ಏನು?"

"ಏನಾಗಿದೆ ಅಂತ. ಆರು ವರ್ಷದಲ್ಲಿ ಒಂದು ಸಲ ಆದ್ರೂ ಕೇಳಿದ್ದೀರಾ?"

ಅತ್ತೆ ಆಟಿಕೆ ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಾಯಿಸಿದರು.

"ಇಲ್ಲ," ಎಂದರು ಕೊನೆಗೆ.

ಸೊಸೆಗೆ ಗೆದ್ದೆ ಅನ್ನಿಸಲಿಲ್ಲ. "ಮಷೀನಿನ ಕಡೆಯಿಂದಲೂ ತಪ್ಪಿದೆ ಮೇಡಂ," ಎಂದಳು ಮೆತ್ತಗೆ. "ಏನಾದ್ರೂ ಆದ್ರೆ ದೀಪ ಹೊತ್ತಿಸಿ ತೋರಿಸಬೇಕಿತ್ತು. ಅದೂ ತೋರಿಸಲಿಲ್ಲ. ಇನ್ನು ಮುಂದೆ ತೋರಿಸುತ್ತೆ."

ಮ್ಯಾನೇಜರ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹದಿನೆಂಟು ವರ್ಷದ ನೌಕರಿಯಲ್ಲಿ ಇಂಥ ಗ್ರಾಹಕಿಯನ್ನೂ ನೋಡಿಲ್ಲ, ಇಂಥ ಉತ್ತರವನ್ನೂ ಕೇಳಿಲ್ಲ ಎಂದರು. ಮೇಡಂ ಕಣ್ಣಂಚು ಒರೆಸಿಕೊಂಡು, ಕಾಡಿಗೆ ಹರಡಿದೆಯೇ ಎಂದು ಫೋನಿನಲ್ಲಿ ನೋಡಿಕೊಂಡರು.

ಕೊನೆಯ ಸುತ್ತಿನ ಮುಖಾಮುಖಿಗೆ ಆರು ಮಂದಿಯನ್ನು ಉಳಿಸಿಕೊಂಡರು. ಟೈ ಯುವಕನೂ ಅದರಲ್ಲಿದ್ದ. ಈ ಕಂಪನಿಯಲ್ಲಿ ಇಷ್ಟು ದೂರ ಅವನು ಹಿಂದೆಂದೂ ಬಂದಿರಲಿಲ್ಲವಾಗಿ ನಗುವುದನ್ನೇ ಮರೆತಿದ್ದ. ಅತ್ತೆಯ ಸರದಿ ಮೊದಲು ಬಂತು.

"ನಿಮ್ಮ ದೌರ್ಬಲ್ಯ ಏನು?" ಎಂದು ಕೇಳಿದರು ಮೇಡಂ.

ಟೈ ಯುವಕ ಹೇಳಿಕೊಟ್ಟದ್ದು ಅತ್ತೆಯ ತಲೆಯಿಂದ ಪೂರ್ತಿ ಹಾರಿಹೋಗಿತ್ತು. "ಎಡ ಮೊಣಕಾಲು," ಎಂದರು.

"ಅದಲ್ಲ. ಸ್ವಭಾವದಲ್ಲಿ."

"ಸ್ವಭಾವದಲ್ಲಿ ಏನಿಲ್ಲ. ಮೆಟ್ಟಿಲು ಹತ್ತುವಾಗ ಮಾತ್ರ."

ಅಷ್ಟರಲ್ಲಿ ಮ್ಯಾನೇಜರ್ ಅರ್ಜಿಗಳನ್ನು ತಿರುವಿ ಹಾಕುತ್ತಿದ್ದರು. ಅವುಗಳನ್ನು ಕಂಪನಿಯಲ್ಲಿ ಯಾರಾದರೂ ತೆರೆದು ನೋಡಿದ್ದು ಅದೇ ಮೊದಲು. ಹದಿನಾಲ್ಕನ್ನೂ ಹದಿನೈದನ್ನೂ ಪಕ್ಕಪಕ್ಕ ಇಟ್ಟು, ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿದರು. ಸೊಸೆಯನ್ನೂ ಒಳಗೆ ಕರೆಸಿದರು.

"ಇಬ್ಬರದೂ ಒಂದೇ ಮನೆ ನಂಬರು. ಒಂದೇ ಬೀದಿ. ಒಂದೇ ಕಟ್ಟಡದಲ್ಲಿ ಬಾಡಿಗೆಗಿದ್ದೀರಾ?"

"ಹೌದು," ಎಂದರು ಅತ್ತೆ.

"ಇಲ್ಲ," ಎಂದಳು ಸೊಸೆ.

ಆಗಲೇ ಅತ್ತೆಯ ಕೈಚೀಲದಲ್ಲಿ ಫೋನು ಬಡಿದುಕೊಂಡಿತು. ಆರಿಸಲು ಹೋಗಿ ಅತ್ತೆ ಸ್ಪೀಕರಿನ ಗುಂಡಿ ಒತ್ತಿದರು. ಮಾವನ ದನಿ ಕೋಣೆ ತುಂಬಿತು: "ಏ, ಪುಟ್ಟಿನ ಕರ್ಕೊಂಡು ಬಂದಿದ್ದೀನಿ. ಸರಿಯಾದ್ದೇ ಸಿಕ್ತು. ಅವಳಮ್ಮ ಕಾಣ್ತಿಲ್ಲ, ಸೊಸೆ ಏನಾದ್ರೂ ನಿನ್ನ ಜೊತೆಗಿದ್ದಾಳಾ?"

ಮೇಡಂ ಅತ್ತೆಯನ್ನು ನೋಡಿದರು. ಮ್ಯಾನೇಜರ್ ಸೊಸೆಯನ್ನು ನೋಡಿದರು. ಮಷೀನು ಯಾವುದು ಎಂಬುದು ಇಬ್ಬರಿಗೂ ಒಂದೇ ಕ್ಷಣಕ್ಕೆ ಹೊಳೆಯಿತು.

"ಸಾರ್, ಅವರನ್ನ ತಗೊಳ್ಳಿ," ಎಂದಳು ಸೊಸೆ. "ಮೂವತ್ತೊಂದು ವರ್ಷ ಜನರ ಬೈಗುಳ ಕೇಳಿದವರು. ಮನೇಲಿ ಸುಮ್ಮನೆ ಕೂತು ಸವೀತಿದ್ದಾರೆ."

"ನೀನು ಬಾಯಿ ಮುಚ್ಚು," ಎಂದರು ಅತ್ತೆ. "ಸಾರ್, ಅವಳನ್ನ ತಗೊಳ್ಳಿ. ಈಗ ನೀವೇ ನೋಡಿದ್ರಲ್ಲ. ನನ್ನ ಬಾಯಿ ಮುಚ್ಚಿಸಿದವರು ಇವತ್ತಿನವರೆಗೆ ಯಾರೂ ಇರಲಿಲ್ಲ."

"ನಾನು ಹೋದ್ರೆ ಪುಟ್ಟಿನ ಯಾರು ನೋಡ್ತಾರೆ?"

"ಅವಳ ತಾತ ನೋಡ್ತಾರೆ. ಸರಿಯಾದ್ದೇ ಸಿಕ್ತು ಅಂತಿದ್ದಾರಲ್ಲ, ಇನ್ನೇನು!"

"ನಾವು ತಿಳಿಸ್ತೀವಿ," ಎಂದರು ಮೇಡಂ.

ಹೊರಗೆ ಟೈ ಯುವಕ ತಲೆಯಾಡಿಸಿದ. ತಿಳಿಸ್ತೀವಿ ಎಂದರೆ ತಿಳಿಸುವುದಿಲ್ಲ ಎಂದು ಅರ್ಥ ಎಂದ.

ಬಸ್ಸಿನಲ್ಲಿ ಇಬ್ಬರಿಗೂ ಅಕ್ಕಪಕ್ಕ ಸೀಟು ಸಿಕ್ಕಿತು. ಐದನೇ ನಿಲ್ದಾಣದಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಏನಾಗಿದೆ ನಿನಗೆ?" ಎಂದರು. ಸೊಸೆ ಹೇಳಲು ಶುರುಮಾಡಿದಳು. ಕ್ಲಿನಿಕ್ಕಿನ ಮೇಜಿನ ಬಗ್ಗೆ, ತನ್ನ ಹೆಸರಿನ ಬದಲು ಪುಟ್ಟಿಯಮ್ಮ ಎಂದಷ್ಟೇ ಜನ ಕರೆಯುವುದರ ಬಗ್ಗೆ, ಮುಚ್ಚಳದ ಬಗ್ಗೆ, ಟವಲಿನ ಬಗ್ಗೆ. ಟವಲು ಮುಗಿಯುವಷ್ಟರಲ್ಲಿ ಇಳಿಯುವ ನಿಲ್ದಾಣ ದಾಟಿ ಮೂರು ನಿಲ್ದಾಣ ಮುಂದೆ ಹೋಗಿದ್ದರು. ಬಿಸಿಲಿನಲ್ಲಿ ನಡೆದು ವಾಪಸು ಬಂದರು. ಅತ್ತೆ ಕುಂಟುತ್ತಿದ್ದರು; ಸೊಸೆ ಅವರ ಕೈಚೀಲ ಇಸಿದುಕೊಂಡಳು.

ಮನೆಯಲ್ಲಿ ಮಾವ ಮತ್ತು ಪುಟ್ಟಿ ನೆಲದ ಮೇಲೆ ಬಿಸ್ಕತ್ತಿನ ಪೊಟ್ಟಣ ಹರಡಿಕೊಂಡು ಪದಬಂಧದ ಖಾಲಿ ಚೌಕಗಳಿಗೆ ಬಣ್ಣ ತುಂಬುತ್ತಿದ್ದರು. ಪುಟ್ಟಿಯ ಅಂಗಿ ಹಿಂದುಮುಂದಾಗಿತ್ತು. "ಈ ಹುಡುಗಿ ಮಾತಾಡುತ್ತೆ!" ಎಂದರು ಮಾವ, ನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿದ್ದ ವಿಷಯವನ್ನು ಅಂದೇ ಕಂಡುಹಿಡಿದವರಂತೆ. ಸಂಜೆ ಸೊಸೆಯ ಗಂಡನಿಗೆ ಎಲ್ಲವನ್ನೂ ಹೇಳಿದರು. ಅವನು "ಇನ್ನೊಂದು ವರ್ಷ..." ಎಂದು ಬಾಯಿ ತೆರೆದ. ತಾಯಿ ಒಂದು ಕಡೆಯಿಂದ, ಹೆಂಡತಿ ಇನ್ನೊಂದು ಕಡೆಯಿಂದ ನೋಡಿದ ರೀತಿಗೆ ವಾಕ್ಯವನ್ನು ಅಲ್ಲಿಗೇ ನುಂಗಿಕೊಂಡ.

ಮೂರು ವಾರ ಏನೂ ಬರಲಿಲ್ಲ. ನಾಲ್ಕನೇ ವಾರ ಇಬ್ಬರ ಫೋನಿಗೂ ಒಂದೇ ಸಲ ಸಂದೇಶ ಬಂತು: "ಮಾನ್ಯರೇ, ನಿಮ್ಮ ಪ್ರತಿಭೆಯನ್ನು ಮೆಚ್ಚಿದ್ದೇವೆ. ವಿಷಾದದಿಂದ ತಿರಸ್ಕರಿಸಿದ್ದೇವೆ. ಮತ್ತೆ ಪ್ರಯತ್ನಿಸಿ."

ಸೊಸೆ ಓದಿ ಪಾತ್ರೆ ತೊಳೆಯಲು ಹೋದಳು. ನಲ್ಲಿಯ ಸದ್ದು ಅಗತ್ಯಕ್ಕಿಂತ ಜೋರಾಗಿತ್ತು. ವಾರ ಕಳೆದರೂ ಆ ಸದ್ದು ಇಳಿಯಲಿಲ್ಲ. ಎಂಟನೇ ದಿನ ಅತ್ತೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಕಂಪನಿಯ ದೂರು ವಿಭಾಗಕ್ಕೇ ಫೋನು ಹಚ್ಚಿದರು. ದೂರು ವಿಭಾಗದಲ್ಲಿ ಫೋನು ಎತ್ತಲು ಇನ್ನೂ ಯಾರೂ ಇಲ್ಲದ ಕಾರಣ ಅದು ಇಪ್ಪತ್ತು ನಿಮಿಷ ಸಂಗೀತ ಹಾಡಿತು. ಕೊನೆಗೆ ದಾರಿಹೋಕರಂತೆ ಫೋನು ಎತ್ತಿದವರು ನೇಮಕಾತಿಯ ಮೇಡಂ.

"ನನ್ನ ಮೊಣಕಾಲು ಕಂಡು ನನ್ನನ್ನ ಬಿಟ್ರಿ, ಅದು ಸರಿ," ಎಂದರು ಅತ್ತೆ. "ನಮ್ಮ ಹುಡುಗಿನ ಯಾಕೆ ಬಿಟ್ರಿ? ಕಾರಣ ಹೇಳಿ. ಕಾರಣ ಹೇಳೋವರೆಗೆ ನಾನು ಇಡಲ್ಲ. ನನಗೆ ಬೇರೆ ಕೆಲಸ ಇಲ್ಲ, ನೀವೇ ಕೊಟ್ಟಿಲ್ಲ."

ಆ ಕಡೆ ಕೀಲಿಮಣೆ ಟಕಟಕ ಎಂದಿತು. ನಿಂತಿತು. ಮತ್ತೆ ಟಕಟಕ ಎಂದಿತು.

"ಮೇಡಂ," ಎಂದಿತು ದನಿ, ತೀರ ಸಣ್ಣದಾಗಿ, "ತಿರಸ್ಕಾರದ ಪತ್ರ ಎಲ್ಲರಿಗೂ ಹೋಗಿಬಿಟ್ಟಿದೆ. ಆಯ್ಕೆ ಆದವರಿಗೂ. ಅದಕ್ಕೇ ನಾವು ಒಂದು ವಾರದಿಂದ ಯಾಕೆ ಯಾರೂ ಕೆಲಸಕ್ಕೆ ಬಂದಿಲ್ಲ ಅಂತ ಕಾಯ್ತಾ ಇದ್ದೀವಿ."

ಆಯ್ಕೆಯಾದವರು ಮೂವರು: ಸೊಸೆ, ಟೈ ಯುವಕ, ಮತ್ತು ಇನ್ನೊಬ್ಬಳು; ಅವಳು ಅಷ್ಟರಲ್ಲಿ ಬೇರೆಡೆ ಸೇರಿಬಿಟ್ಟಿದ್ದಳು. ಟೈ ಯುವಕ ಮಾತ್ರ ಮೇಡಂ ಫೋನು ಮಾಡಿದಾಗ ನಂಬಲಿಲ್ಲ. ಇದು ಐದನೇ ಸುತ್ತಿನ ಪರೀಕ್ಷೆಯೆಂದು ತಿಳಿದು, ತುಂಬಾ ಕಷ್ಟಪಡುವುದೇ ನನ್ನ ದೌರ್ಬಲ್ಯ ಎಂದನಂತೆ.

ಮರುದಿನ ಮ್ಯಾನೇಜರೇ ಅತ್ತೆಗೆ ಫೋನು ಮಾಡಿದರು. ದೂರು ವಿಭಾಗದಲ್ಲಿ ಸೊಸೆ ಇರುವುದರಿಂದ ಅಲ್ಲಿ ಜಾಗವಿಲ್ಲ, ಆದರೆ ತರಬೇತಿ ವಿಭಾಗವೇ ಬೇರೆ. ಅಲ್ಲಿಗೆ ವಾರಕ್ಕೆರಡು ದಿನ ಬಂದು ಹೊಸಬರ ಮೇಲೆ ಸಿಟ್ಟು ಮಾಡಿ ಹೋಗಲು ಸಾಧ್ಯವೇ ಎಂದು ಕೇಳಿದರು. ಸಂಬಳ ಕೊಡುತ್ತಾರೆಂದು ತಿಳಿದಾಗ ಅತ್ತೆ ಫೋನಿನ ಬಾಯಿ ಮುಚ್ಚಿ ಗಂಡನಿಗೆ, "ಇಷ್ಟು ವರ್ಷ ಪುಕ್ಕಟೆ ಮಾಡಿದೆನಲ್ಲರೀ!" ಎಂದರು.

ಹೀಗೆ ಅತ್ತೆ ಮಂಗಳವಾರ, ಶುಕ್ರವಾರ ಸೊಸೆಯ ಜೊತೆ ಅದೇ ಬಸ್ಸು ಹಿಡಿಯತೊಡಗಿದರು. ಮೊದಲ ದಿನ ಅವರೆದುರು ಕೂತ, ಖಾಲಿ ಉಳಿದ ಜಾಗಕ್ಕೆ ತೆಗೆದುಕೊಂಡಿದ್ದ ಹೊಸ ಹುಡುಗಿ ಮೂರನೇ ನಿಮಿಷಕ್ಕೆ ಬಿಕ್ಕಿಬಿಕ್ಕಿ ಅತ್ತಳು. ಅತ್ತೆ ತಕ್ಷಣ ಎದ್ದುಹೋಗಿ ಅವಳ ತಲೆ ಸವರಿ, ನೀರು ಕುಡಿಸಿ, ಮಷೀನು ಹಾಳಾಗಿ ಹೋಗಲಿ ಬಿಡು, ನಾನೇ ಕೈಯಲ್ಲಿ ಒಗೆದುಕೊಳ್ಳುತ್ತೇನೆ ಎಂದು ಸಮಾಧಾನ ಮಾಡಿದರು. ಎರಡನೆಯವನಿಗೂ ಹಾಗೇ ಮಾಡಿದರು. ತಿಂಗಳ ಕೊನೆಯಲ್ಲಿ ಮೇಡಂ ಕೊಟ್ಟ ಮೌಲ್ಯಮಾಪನದ ಪತ್ರವನ್ನು ಸೊಸೆ ಊಟದ ಮೇಜಿನಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿದಳು: "ಸಮಯಪಾಲನೆ ಉತ್ತಮ. ದನಿ ಅತ್ಯುತ್ತಮ. ಆದರೆ ಇವರಿಗೆ ಸಿಟ್ಟು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಸುಧಾರಿಸಿಕೊಳ್ಳಬೇಕು."

ಮಾವ ಪತ್ರವನ್ನು ಇಸಿದುಕೊಂಡು, ಹೆಸರು ಸರಿಯಾಗಿದೆಯೇ ಎಂದು ಎರಡು ಸಲ ನೋಡಿದರು.